ಕೊರಿಯನ್ ಅಣಬೆ ನಮುಲ್: ಹಿಂಡುವುದರಲ್ಲೇ ಇದೆ ರುಚಿ

ಕೊರಿಯಾದಲ್ಲಿ ಅನ್ನದ ಜೊತೆ ಪುಟ್ಟ ಬಟ್ಟಲುಗಳಲ್ಲಿ ಇಡುವ ಬಂಚನ್‌ಗಳಲ್ಲಿ ನಮುಲ್ ಅಂದರೆ ಸಾಸ್, ಎಣ್ಣೆ ಹಾಕಿ ಕಲಸಿದ ತರಕಾರಿ, ಅಣಬೆಯದು ತೀರಾ ಸುಲಭದ್ದು. 200 ಗ್ರಾಂ ಆಯ್ಸ್ಟರ್ ಅಣಬೆ ತಗೊಳ್ಳಿ. ಬುಡದ ಗಟ್ಟಿ ಭಾಗ ತೆಗೆದು ಕೈಯಲ್ಲೇ ಉದ್ದುದ್ದ ಸೀಳಿ, ಚಾಕು ಬೇಡ. ಸೀಳಿದ ಒರಟು ಅಂಚಿಗೆ ಸಾಸ್ ಚೆನ್ನಾಗಿ ಹಿಡಿಯುತ್ತೆ.

ಕುದಿಯೋ ನೀರಿಗೆ ಚಿಟಿಕೆ ಉಪ್ಪು ಹಾಕಿ, ಒಂದೆರಡು ನಿಮಿಷ ಬೇಯಿಸಿ ತಣ್ಣೀರಿಗೆ ಹಾಕಿ. ಆಮೇಲೆ ಹಿಂಡೋದು. ಸರಿಯಾಗಿ ಹಿಂಡದಿದ್ದರೆ ಬಟ್ಟಲ ತುಂಬ ನೀರು, ಎಲ್ಲಾ ಸಪ್ಪೆ. ಬಟ್ಟೆ ಹಿಂಡಿದ ಹಾಗೆ ತಿರುಚಿದರೆ ಒಣಗಿ ನಾರು. ಒಂದೊಂದೇ ಹಿಡಿ ಅಂಗೈಯಲ್ಲಿ ಒತ್ತಿ, ನೀರು ಸುರಿಯೋದು ನಿಂತು ಹನಿ ಮಾತ್ರ ಬರುವಾಗ ಬಿಟ್ಟುಬಿಡಿ.

ಎರಡು ಟೀ ಚಮಚ ಸೋಯಾ ಸಾಸ್ (ಫ್ರೈಡ್ ರೈಸಿಗೆ ಹಾಕೋ ಕಪ್ಪು ಗಟ್ಟಿ ಸಾಸ್ ಖಂಡಿತ ಬೇಡ), ಜಜ್ಜಿದ ಒಂದೆಸಳು ಬೆಳ್ಳುಳ್ಳಿ, ಸಣ್ಣಗೆ ಹೆಚ್ಚಿದ ಈರುಳ್ಳಿ ಸೊಪ್ಪು ಹಾಕಿ ಕೈಯಲ್ಲೇ ಕಲಸಿ. ಕೊನೆಗೆ ಒಂದು ಚಮಚ ಎಳ್ಳೆಣ್ಣೆ. ಅಲ್ಲಿಯವರು ಎಳ್ಳನ್ನು ಹುರಿದು ಎಣ್ಣೆ ತೆಗೀತಾರೆ, ನಮ್ಮ ಗಾಣದ ಎಣ್ಣೆಗೆ ಆ ಘಮ ಇಲ್ಲ. ಹುರಿದೆಳ್ಳಿನ ಎಣ್ಣೆ ಸಿಗದಿದ್ದರೆ ಬಿಳಿ ಎಳ್ಳು ಕೆಂಪಗೆ ಹುರಿದು, ತರಿತರಿಯಾಗಿ ಕುಟ್ಟಿ ಧಾರಾಳವಾಗಿ ಉದುರಿಸಿ. ಮಿಕ್ಕಿದ್ದನ್ನು ಫ್ರಿಜ್‌ನಲ್ಲಿಟ್ಟು ಎರಡು ದಿನದೊಳಗೆ ಮುಗಿಸಿ. ಬಿಸಿ ಮಾಡಬೇಕಿಲ್ಲ, ತಣ್ಣಗೇ ಚೆನ್ನ.