ಔಷಧಿ ಬಾಟಲಿಯ ಮೇಲಿನ 'ಡೇಂಜರ್'

ಬ್ಯಾಡಗಿ ಕಡೆಯ ಮೆಣಸಿನಕಾಯಿ ಬೆಳೆಗಾರರಿಗೆ ಗೊಬ್ಬರ, ಔಷಧಿ ಮಾರುವ ಅಂಗಡಿ ನನ್ನದು. ಕೀಟನಾಶಕ ಕೊಡುವಾಗ ದುಡ್ಡು ಎಣಿಸುವ ಮೊದಲು ಬಾಟಲಿಯ ಮೇಲಿನ ವಜ್ರದಾಕಾರದ ಗುರುತನ್ನು ಬೆರಳಿಟ್ಟು ತೋರಿಸುತ್ತೇನೆ.

ಆ ಗುರುತಿನ ಕೆಳಗಿನ ಅರ್ಧ ಬಣ್ಣ, ಮೇಲಿನ ಅರ್ಧದಲ್ಲಿ ಎಚ್ಚರಿಕೆಯ ಪದ. ಕೆಂಪಿಗೂ ಹಳದಿಗೂ ಪಾಯ್ಸನ್, ನೀಲಿಗೆ ಡೇಂಜರ್, ಹಸಿರಿಗೆ ಕಾಶನ್, ಅಂದರೆ ಜೋಪಾನ. ಕೆಂಪಿನದರಲ್ಲಿ ತಲೆಬುರುಡೆಯೂ ಇರುತ್ತದೆ. 1971ರ ಕೀಟನಾಶಕ ನಿಯಮಗಳು ಹೇಳುವುದು ಇದನ್ನೇ.

ಗೊಂದಲ ಆಗುವುದು ಡೇಂಜರ್ ಅನ್ನೋ ಪದದಲ್ಲೇ. ಟ್ರಾನ್ಸ್‌ಫಾರ್ಮರ್ ಮೇಲೆ ಅದನ್ನು ನೋಡುತ್ತಾ ಬೆಳೆದವರು ನಾವು. ಅಲ್ಲಿ ಮುಟ್ಟಿದರೆ ಜೀವ ಹೋಯಿತು ಅಂತಲೇ ಅರ್ಥ, ಅಲ್ವಾ? ಹಾಗಾಗಿ ಕೆಲವರು ನೀಲಿ ಬಾಟಲಿಗೆ ಹೆದರುತ್ತಾರೆ, ಹಳದಿಯದನ್ನು ಬರಿಗೈಯಲ್ಲಿ ಕಲಸುತ್ತಾರೆ. ಬಾಟಲಿಯ ಲೆಕ್ಕವೇ ಬೇರೆ, ಅಲ್ಲಿ ನೀಲಿಗಿಂತ ಹಳದಿಯೇ ಹೆಚ್ಚು ವಿಷ. ಹೊಟ್ಟೆಗೆ ಹೋದ ಎಷ್ಟು ವಿಷಕ್ಕೆ ಪ್ರಯೋಗದ ಪ್ರಾಣಿಗಳಲ್ಲಿ ಅರ್ಧ ಸಾಯುತ್ತವೆ ಎಂದು ನೋಡುತ್ತಾರೆ. ಒಂದು ಕಿಲೋ ದೇಹತೂಕಕ್ಕೆ 50 ಮಿಲಿಗ್ರಾಂ ಒಳಗೇ ಸಾಕಾದರೆ ಕೆಂಪು. 500 ದಾಟಿ 5000ದವರೆಗೆ ಬೇಕಾದರೆ ನೀಲಿ. ಮಾನೊಕ್ರೊಟೊಫಾಸ್ ಕೆಂಪು, ಮೆಲಾಥಿಯಾನ್ ನೀಲಿ, ಮ್ಯಾಂಕೋಜೆಬ್ ಹಸಿರು. ಈಗ ನಾನು ಪದ ಓದಿ ಹೇಳುವುದಿಲ್ಲ, 'ಅಣ್ಣಾ, ಬಣ್ಣ ಯಾವುದು ಹೇಳಿ' ಅನ್ನುತ್ತೇನೆ. ಅವರ ಬಾಯಿಂದ ಬಂದದ್ದು ಮರೆಯುವುದಿಲ್ಲ.

ಹಸಿರು ಅಂದರೆ ಏನೂ ಆಗಲ್ಲ ಅಂತಲ್ಲ. ಕಣ್ಣುರಿ, ಜೇನುನೊಣ, ಕೆರೆಯ ಮೀನು, ಇವುಗಳ ಬಗ್ಗೆ ಆ ಬಣ್ಣ ಹೇಳುವುದೇ ಇಲ್ಲ. ಕೈಗವಸು, ಮಾಸ್ಕ್ ಎಲ್ಲಕ್ಕೂ ಬೇಕು.

ನನಗೆ ಜಾಸ್ತಿ ಚಿಂತೆ ಪಂಪ್ ಹೊತ್ತು ಹೊಡೆಯುವವರದು. ಬಾಟಲಿ ಕೊಳ್ಳುವವರು ಹೊಲದ ಮಾಲೀಕರು. ಡ್ರಮ್ಮಿನಲ್ಲಿ ಕಲಸಿಟ್ಟ ಮೇಲೆ ಕೂಲಿಯವರಿಗೆ ಕಾಣುವುದು ಬರೀ ಬಿಳಿ ನೀರು. ಅದಕ್ಕೇ ಖಾಲಿ ಬಾಟಲಿಯನ್ನೂ ಸಂಜೆವರೆಗೆ ಬದುವಿನ ಮೇಲೆ ಎಲ್ಲರಿಗೂ ಕಾಣುವಂತೆ ಇಡಲು ಹೇಳುತ್ತೇನೆ. ಯಾರಿಗಾದರೂ ತಲೆ ಸುತ್ತಿ, ಜೊಲ್ಲು ಸುರಿದು, ಬೆವರು ಕಿತ್ತುಕೊಂಡು ಬಂದರೆ ಆಸ್ಪತ್ರೆಗೆ ಬಾಟಲಿಯನ್ನೂ ಒಯ್ಯಬೇಕು. ಮಾನೊಕ್ರೊಟೊಫಾಸ್, ಮೆಲಾಥಿಯಾನ್ ಜಾತಿಯ ವಿಷಕ್ಕೆ ಡಾಕ್ಟರು ಅಟ್ರೋಪಿನ್ ಕೊಡುತ್ತಾರೆ, ಆದರೆ ಎಲ್ಲ ವಿಷಕ್ಕೂ ಅದೇ ಮದ್ದಲ್ಲ. ಅವರಿಗೆ ಮೊದಲು ಹೆಸರು ಗೊತ್ತಾಗಬೇಕು.

ಬಾಟಲಿ ಕಳೆದುಹೋದರೂ ತೊಂದರೆ ಆಗಬಾರದು ಅಂತ ಈಗ ಬಿಲ್ಲಿನ ಮೇಲೆ ಕಂಪನಿ ಇಟ್ಟ ಹೆಸರಿನ ಜೊತೆ ಒಳಗಿನ ರಾಸಾಯನಿಕದ ಹೆಸರನ್ನೂ ಬಣ್ಣವನ್ನೂ ಕನ್ನಡದಲ್ಲಿ ಬರೆದು ಕೊಡುತ್ತೇನೆ.