ಮಗು ಹಿಂದೆ ಕೂತಿದೆ, ನಿಮ್ಮನ್ನೇ ನೋಡುತ್ತಿದೆ

ಬೆಳಿಗ್ಗೆ ಶಾಲೆ ಹೊತ್ತಿಗೆ ಕಲಬುರಗಿಯ ಯಾವ ಸರ್ಕಲ್‌ನಲ್ಲಿ ನಿಂತರೂ ಈ ನೋಟ ಕಾಣುತ್ತದೆ. ಸ್ಕೂಟಿ ಮೇಲೆ ಅಪ್ಪ, ಮುಂದೆ ನಿಂತ ಒಂದು ಮಗು, ಹಿಂದೆ ಇನ್ನೊಂದು. ಹೆಲ್ಮೆಟ್ ಕನ್ನಡಿಗೆ ನೇತಾಡುತ್ತಿರುತ್ತದೆ. ಪೊಲೀಸರು ಕಂಡ ಕೂಡಲೇ ತಲೆಗೆ ಏರುತ್ತದೆ, ಸರ್ಕಲ್ ದಾಟಿದ ಮೇಲೆ ಮತ್ತೆ ಕನ್ನಡಿಗೆ ಹೋಗುತ್ತದೆ. ಹೆಲ್ಮೆಟ್ ಹಾಕೋದು ಪೊಲೀಸರಿಗಾಗಿ ಅಂತ ಮಗು ಕಲಿಯುವುದು ಹೀಗೆ. ಆಮೇಲೆ ಶಾಲೆಯಲ್ಲಿ ರಸ್ತೆ ಸುರಕ್ಷತೆ ಬಗ್ಗೆ ಎಷ್ಟು ಪ್ರಬಂಧ ಬರೆಸಿದರೂ ಈ ಪಾಠ ಅಳಿಸುವುದು ಕಷ್ಟ. ತಿದ್ದುವ ಕೆಲಸ ಮನೆ ಬಾಗಿಲಿಂದಲೇ ಶುರುವಾಗಬೇಕು.

ಬಾಗಿಲ ಬಳಿ

ಗಾಡಿ ಕೀ, ಹೆಲ್ಮೆಟ್ ಎರಡನ್ನೂ ಒಂದೇ ಮೊಳೆಗೆ ಹಾಕಿ. ಕೀ ಮೊದಲು, ಅದರ ಮೇಲೆ ಹೆಲ್ಮೆಟ್. ಕೀ ಬೇಕಾದರೆ ಹೆಲ್ಮೆಟ್ ಕೈಗೆ ತೆಗೆದುಕೊಳ್ಳಲೇಬೇಕು. ಓಣಿ ಕೊನೆಯ ಕಿರಾಣಿ ಅಂಗಡಿಗೆ ಹೋಗುವಾಗಲೂ ಹಾಕಿಕೊಳ್ಳಿ. ‘ಇಲ್ಲೇ ಹೋಗಿ ಬರ್ತೀನಿ ತಗೋ’ ಅನ್ನುವ ಮಾತನ್ನು ಬಿಡುವುದೇ ಎಲ್ಲಕ್ಕಿಂತ ಮುಖ್ಯ ಅಂತ ನನಗನ್ನಿಸುತ್ತದೆ. ಹತ್ತಿರ ಹೋಗುವಾಗ ನಿಯಮ ಬೇಡ ಅಂತ ಕಲಿತ ಮಗುವಿಗೆ ದೊಡ್ಡವನಾದ ಮೇಲೆ ಬೇರೆ ಊರಾದ ಶಹಾಬಾದ್ ಕೂಡ ಹತ್ತಿರವೇ.

ಬಿಸಿಲಿನ ಮಾತು ಬಂದೇ ಬರುತ್ತದೆ. ಮೇ ತಿಂಗಳಲ್ಲಿ ನಮ್ಮ ಕಡೆ 42 ಡಿಗ್ರಿ ದಾಟುತ್ತದೆ, ಹೆಲ್ಮೆಟ್ ಒಳಗೆ ಬೆವರು ಸುರಿಯುತ್ತದೆ. ಸುಳ್ಳಲ್ಲ. ಗಾಳಿ ಕಿಂಡಿ ಇರುವ, ಒಳಪದರ ಬಿಚ್ಚಿ ತೊಳೆಯಲು ಬರುವ ಹೆಲ್ಮೆಟ್ ಆರಿಸಿ. ತಲೆಗೆ ತೆಳ್ಳಗಿನ ಹತ್ತಿ ದಸ್ತಿ ಕಟ್ಟಿಕೊಳ್ಳಿ. ದಪ್ಪ ಟವೆಲ್ ಬೇಡ, ಹೆಲ್ಮೆಟ್ ಸಡಿಲಾಗುತ್ತದೆ.

ಮಗುವಿನ ಹೆಲ್ಮೆಟ್

ಕಾನೂನಿನ ಪ್ರಕಾರ ನಾಲ್ಕು ವರ್ಷ ದಾಟಿದವರಿಗೆ ಹೆಲ್ಮೆಟ್ ಕಡ್ಡಾಯ. 9 ತಿಂಗಳಿಂದ 4 ವರ್ಷದ ಮಕ್ಕಳಿಗೆ ಕೇಂದ್ರ ಸರ್ಕಾರ 2022ರಲ್ಲಿ ಬೇರೆ ನಿಯಮ ಮಾಡಿತು. ಮಗುವಿಗೆ ಹೆಲ್ಮೆಟ್ ಇರಬೇಕು, ಓಡಿಸುವವರ ಮೈಗೆ ಸೇರಿಸಿ ಕಟ್ಟುವ ಸುರಕ್ಷಾ ಬೆಲ್ಟ್ ಇರಬೇಕು, ಗಾಡಿಯ ವೇಗ ಗಂಟೆಗೆ 40 ಕಿ.ಮೀ. ಮೀರಬಾರದು.

ಅಂಗಡಿಗೆ ಮಗುವನ್ನೂ ಕರೆದುಕೊಂಡು ಹೋಗಿ. ಬಣ್ಣ ಅದೇ ಆರಿಸಲಿ, ಐಎಸ್ಐ ಗುರುತು ನೀವು ನೋಡಿ. ಹಾಕಿದ ಮೇಲೆ ‘ತಲೆ ಅಲ್ಲಾಡಿಸು’ ಅನ್ನಿ. ಹೆಲ್ಮೆಟ್ ತಲೆಯ ಜೊತೆಗೇ ತಿರುಗಬೇಕು, ಕಣ್ಣ ಮೇಲೆ ಜಾರಬಾರದು. ಗದ್ದದ ಕೆಳಗೆ ಪಟ್ಟಿ ಬಿಗಿದಾಗ ಎರಡು ಬೆರಳಷ್ಟೇ ಹಿಡಿಸಬೇಕು. ಮನೆಗೆ ಬಂದ ಮೇಲೆ ಇದೇ ಪರೀಕ್ಷೆಯನ್ನು ನಿಮ್ಮ ಹೆಲ್ಮೆಟ್‌ಗೆ ಮಾಡುವ ಕೆಲಸ ಮಗುವಿಗೆ ಕೊಡಿ. ದಿನಾ ಹೊರಡುವ ಮುಂಚೆ ನಿಮ್ಮ ಪಟ್ಟಿ ಎಳೆದು ನೋಡುವುದು ಅದರ ಜವಾಬ್ದಾರಿ. ಅಪ್ಪನನ್ನೇ ತಪಾಸಣೆ ಮಾಡುವ ಅಧಿಕಾರ ಯಾವ ಮಗುವಿಗೆ ಬೇಡ?

ಕೂರುವುದು ಹೇಗೆ

ದ್ವಿಚಕ್ರ ವಾಹನದಲ್ಲಿ ಓಡಿಸುವವರ ಜೊತೆ ಒಬ್ಬರಿಗೆ ಮಾತ್ರ ಅವಕಾಶ. ಮುಂದೆ ನಿಲ್ಲಿಸಿಕೊಂಡ ಮಗು, ಬ್ರೇಕ್ ಹಾಕಿದ ಕೂಡಲೇ ಎದೆ, ಗದ್ದ ಸಮೇತ ಹ್ಯಾಂಡಲ್‌ಗೆ ಬಡಿಯುತ್ತದೆ. ಹಿಂದೆ ಕೂರುವ ಅವ್ವ, ಅಕ್ಕ ಸೆರಗು, ದುಪಟ್ಟಾವನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಲಿ. ಚಕ್ರಕ್ಕೆ ಸಿಕ್ಕಿದರೆ ಎಳೆದು ಬೀಳಿಸುತ್ತದೆ. ಕಾರಿನಲ್ಲಾದರೆ ಎಲ್ಲರೂ ಬೆಲ್ಟ್ ಹಾಕಿದ ಮೇಲೇ ಗಾಡಿ ಚಾಲೂ ಆಗಲಿ.

ಓಡಿಸುವಾಗ ಬಾಯಿಬಿಟ್ಟು ಹೇಳಿ

ನಿಮ್ಮ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಅಂತ ಮಗುವಿಗೆ ಕಾಣುವುದಿಲ್ಲ. ಅದಕ್ಕೆ ಕೇಳಿಸುವ ಹಾಗೆ ಹೇಳಿ. ಸೇಡಂ ರಸ್ತೆಯಲ್ಲೋ ರಿಂಗ್ ರೋಡಿನಲ್ಲೋ ಅಂಗಡಿ ಡಿವೈಡರ್ ಆಚೆ ಇದ್ದರೆ, ‘ಯೂಟರ್ನ್ ಇನ್ನ ಸ್ವಲ್ಪ ಮುಂದ ಅದ, ಸುತ್ತಿ ಬರೋಣು’ ಅನ್ನಿ. ರಾಂಗ್ ಸೈಡ್ ಹೋದರೆ ಉಳಿಯುವುದು ಒಂದೆರಡು ನಿಮಿಷ, ಎದುರಿಗೆ ಬರುವುದು ಟಂಟಂ ಆಟೊ, ಲಾರಿ, ಬಸ್ಸು. ಕಬ್ಬು ಕಡಿಯುವ ಕಾಲದಲ್ಲಿ ರಾತ್ರಿ ಅಫಜಲಪುರ, ಆಳಂದ ಕಡೆ ಹೋಗುವಾಗ, ಹಿಂದೆ ದೀಪವೇ ಇಲ್ಲದ ಟ್ರ್ಯಾಕ್ಟರ್ ಟ್ರಾಲಿ ಇರಬಹುದು, ಅದಕ್ಕೇ ನಿಧಾನ ಹೋಗುತ್ತಿದ್ದೇನೆ ಅಂತ ತಿಳಿಸಿ.

ಫೋನ್ ಬಂದರೆ ಬದಿಗೆ ನಿಲ್ಲಿಸಿ ಮಾತಾಡಿ. 40 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಹೆಸರು ನೋಡಲು ಎರಡು ಸೆಕೆಂಡ್ ಕಣ್ಣು ಕೆಳಗಿಟ್ಟರೆ 22 ಮೀಟರ್ ಕಣ್ಣು ಮುಚ್ಚಿ ಓಡಿಸಿದ ಹಾಗೇ ಅಲ್ವಾ?

ನಡೆಯುವಾಗ

ನಮ್ಮೂರ ಸೂಪರ್ ಮಾರ್ಕೆಟ್ ಪೇಟೆಯ ಗದ್ದಲದಲ್ಲಿ ಮಗುವಿನ ಬೆರಳು ಹಿಡಿದರೆ ಸಾಲದು, ಮಣಿಕಟ್ಟು ಹಿಡಿಯಿರಿ. ಗಾಡಿಗಳ ಕಡೆ ನೀವಿರಿ. ದಾಟುವ ಮುಂಚೆ ನಿಂತು, ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ಕತ್ತು ತಿರುಗಿಸಿ ನೋಡಿ. ರಸ್ತೆ ಖಾಲಿ ಇದ್ದರೂ ಇಷ್ಟು ಮಾಡಿ. ಹತ್ತು ವರ್ಷದೊಳಗಿನ ಮಕ್ಕಳಿಗೆ ಬರುವ ಗಾಡಿಯ ವೇಗ ಸರಿಯಾಗಿ ಅಂದಾಜಿಗೆ ಸಿಗುವುದಿಲ್ಲ. ‘ಓಡು ಓಡು’ ಅಂತ ಎಳೆದುಕೊಂಡು ದಾಟಿದರೆ, ಒಂಟಿಯಾಗಿದ್ದಾಗಲೂ ಅದು ಓಡುತ್ತದೆ.

ಹರೆಯದ ಮಕ್ಕಳು ಕೀ ಕೇಳಿದಾಗ

16 ತುಂಬಿದವರಿಗೆ 50 ಸಿಸಿ ಒಳಗಿನ ಗೇರ್ ಇಲ್ಲದ ಗಾಡಿಗೆ ಮಾತ್ರ ಲೈಸೆನ್ಸ್ ಸಿಗುತ್ತದೆ. ನಮ್ಮ ಮನೆಗಳಲ್ಲಿರುವ ಸ್ಕೂಟಿಗಳು ಸಾಮಾನ್ಯವಾಗಿ 100 ಸಿಸಿ ಮೇಲಿನವು, ಅದಕ್ಕೆ 18 ಆಗಬೇಕು. ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದಾಗುತ್ತದೆ. ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. ಟ್ಯೂಷನ್‌ಗೆ ಸೈಕಲ್ ಕೊಡಿ, ಇಲ್ಲವೇ ನೀವೇ ಬಿಟ್ಟು ಬನ್ನಿ. ‘ನನ್ನ ಮಗ ಎಂಟನೇ ಕ್ಲಾಸಿಗೇ ಬೈಕ್ ಹೊಡಿತಾನ’ ಅಂತ ನೆಂಟರ ಮುಂದೆ ಹೆಮ್ಮೆಯಿಂದ ಹೇಳುವುದನ್ನೂ ದಯವಿಟ್ಟು ನಿಲ್ಲಿಸಿ. ಅವನು ಕೇಳಿಸಿಕೊಳ್ಳುತ್ತಾನೆ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ದಿನ ನೀವೇ ಮರೆಯುತ್ತೀರಿ. ಆಗ ಹಿಂದಿನಿಂದ ‘ಅಪ್ಪಾ, ಪಟ್ಟಿ ಹಾಕಿಲ್ಲ ನೋಡು’ ಅಂತ ಮಗು ಅಂದರೆ ‘ಸುಮ್ನೆ ಕೂಡು’ ಅನ್ನಬೇಡಿ. ಗಾಡಿ ಬದಿಗೆ ತೆಗೆದುಕೊಳ್ಳಿ, ಪಟ್ಟಿ ಹಾಕಿ, ‘ಈಗ ಸರಿ ಅದ ಏನು?’ ಅಂತ ಕೇಳಿ, ಅದು ಹೂಂ ಅಂದ ಮೇಲೆ ಹೊರಡಿ.