ಕೈಯಾರೆ ಕಟ್ಟಿದ ಗಾಡಿಗೆ ಏಸಿ: ಮೊದಲು ಕಂಡೆನ್ಸರಿಗೆ ಜಾಗ ಹುಡುಕಿ

ಹಳೇ ಜೀಪಿನ ಚಾಸಿಗೆ ಬೇರೆ ಇಂಜಿನ್ ಕೂರಿಸಿ, ಬಾಡಿಯನ್ನೂ ನಾನೇ ಕಟ್ಟಿ, ಎಲ್ಲ ಮುಗಿದ ಮೇಲೆ ಏಸಿ ಬಗ್ಗೆ ಯೋಚನೆ ಮಾಡಿದೆ. ಮೊದಲು ಗ್ಯಾಸನ್ನು ಒತ್ತಿ ತಳ್ಳುವ ದೊಡ್ಡ ಕಂಪ್ರೆಸರ್ ತಂದೆ. ಕಂಡೆನ್ಸರನ್ನು ಉಳಿದ ಜಾಗದಲ್ಲಿ ಹೇಗೋ ತುರುಕಿದೆ. ಓಡುವಾಗ ಒಳಗೆಲ್ಲ ತಣ್ಣಗೆ. ಸಿಗ್ನಲ್ಲಿನಲ್ಲಿ ಐದು ನಿಮಿಷ ನಿಂತರೆ ಸಾಕು, ಬಿಸಿ ಗಾಳಿ ಶುರು. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳೂ ಮೇಲಕ್ಕೆ!

ಏಸಿ ಒಳಗಿನ ಬಿಸಿಯನ್ನು ಹೊತ್ತು ತಂದು ಹೊರಗೆ ಸುರಿಯುತ್ತದೆ. ಸುರಿಯುವ ಜಾಗವೇ ಕಂಡೆನ್ಸರ್. ಅಲ್ಲಿ ಗಾಳಿ ಸಾಲದಿದ್ದರೆ ಎಂಥ ಕಂಪ್ರೆಸರ್ ಇದ್ದೂ ಸುಮ್ನೆ. ಆದ್ದರಿಂದ ಗ್ರಿಲ್ಲಿನ ಹಿಂದೆ ಎಷ್ಟು ಅಗಲ, ಎಷ್ಟು ಎತ್ತರ ಸಿಗುತ್ತದೆ ಎಂದು ಮೊದಲು ಅಳೆಯಿರಿ. ಅಲ್ಲಿ ಹಿಡಿಸುವಷ್ಟು ದೊಡ್ಡ ಪ್ಯಾರಲಲ್ ಫ್ಲೋ ಕಂಡೆನ್ಸರ್ (ಪಕ್ಕಪಕ್ಕದ ಹಲವು ಸಣ್ಣ ಕೊಳವೆಗಳಲ್ಲಿ ಗ್ಯಾಸ್ ಒಟ್ಟಿಗೆ ಹರಿಯುವಂಥದ್ದು) ಹಾಕಿ. ರೇಡಿಯೇಟರಿಗೂ ಅದಕ್ಕೂ ಒಂದೆರಡು ಸೆಂಟಿಮೀಟರ್ ಸಂದು ಬಿಡಿ, ಆದರೆ ಸುತ್ತಲಿನ ಅಂಚನ್ನು ಫೋಮ್ ಪಟ್ಟಿಯಿಂದ ಮುಚ್ಚಿ. ಇಲ್ಲದಿದ್ದರೆ ಗಾಳಿ ಸುಲಭದ ದಾರಿ ಹಿಡಿದು ಪಕ್ಕದಿಂದ ನುಸುಳಿ ಹೋಗುತ್ತದೆ. ರೇಡಿಯೇಟರಿನ ಹಿಂದೆ ಶ್ರೌಡ್, ಅಂದರೆ ಸುತ್ತ ಗಾಳಿ ಸೋರದಂತೆ ತಡೆಯುವ ಕವಚ, ಇರುವ ಎಲೆಕ್ಟ್ರಿಕ್ ಫ್ಯಾನ್ ಬೇಕೇ ಬೇಕು.

ಕಂಪ್ರೆಸರಿಗೆ ಸ್ಯಾಂಡೆನ್ 508 ಮಾದರಿಯದ್ದು, ಅಂದರೆ 138 ಸಿಸಿಯದು, ಸಣ್ಣ ಕ್ಯಾಬಿನ್ನಿಗೆ ಧಾರಾಳ. ಬ್ರಾಕೆಟನ್ನು ಇಂಜಿನ್ನಿಗೇ ಬಿಗಿಯಿರಿ, ಚಾಸಿಗೆ ಬೇಡ. ಇಂಜಿನ್ ರಬ್ಬರ್ ಮೌಂಟಿನ ಮೇಲೆ ಓಲಾಡುತ್ತದೆ, ಚಾಸಿ ಓಲಾಡುವುದಿಲ್ಲ. ಬೆಲ್ಟ್ ಪುಲ್ಲಿಯಿಂದ ಹಾರುವುದು ಹಾಗೆಯೇ. ಪುಲ್ಲಿಗಳು ಒಂದೇ ಸಾಲಿನಲ್ಲಿವೆಯಾ ಎಂದು ನೇರವಾದ ಪಟ್ಟಿ ಇಟ್ಟು ನೋಡಿ, ಕಣ್ಣಳತೆಯನ್ನು ನಂಬಬೇಡಿ.

ಹೋಸ್ ಬ್ಯಾರಿಯರ್ ಜಾತಿಯದೇ, ಅಂದರೆ ಗ್ಯಾಸ್ ಸೋರದಂತೆ ಒಳಗೊಂದು ಪದರ ಇರುವಂಥದ್ದೇ ಇರಲಿ. ಕೂಲಿಂಗ್ ಕಾಯಿಲಿನಿಂದ ಕಂಪ್ರೆಸರಿಗೆ ಬರುವುದು ದಪ್ಪ, ಕಂಡೆನ್ಸರಿನಿಂದ ಹೊರಟು ಡ್ರೈಯರ್ (ಗ್ಯಾಸಿನ ತೇವ ಹೀರುವ ಡಬ್ಬಿ) ದಾಟಿ ಹೋಗುವುದು ತೆಳು. ಸೈಲೆನ್ಸರ್ ಪೈಪಿನಿಂದ ದೂರ ಎಳೆಯಿರಿ. ಜೋಡಣೆಯ ರಬ್ಬರ್ ಓ-ರಿಂಗಿಗೆ ಕಂಪ್ರೆಸರಿನ ಎಣ್ಣೆ ಸವರಿ, ಎರಡು ಸ್ಪ್ಯಾನರ್ ಹಿಡಿದು ಬಿಗಿಯಿರಿ. ಡ್ರೈಯರಿನ ಮುಚ್ಚಳವನ್ನು ಕಟ್ಟಕಡೆಗೆ ತೆಗೆಯಿರಿ. ಒಳಗಿರುವ ಕಾಳು ಗಾಳಿಯ ತೇವವನ್ನೆಲ್ಲ ಕುಡಿದರೆ ನಿಮ್ಮ ಕೆಲಸಕ್ಕೆ ಏನೂ ಉಳಿಯುವುದಿಲ್ಲ. ಕಾಯಿಲಿನ ನೀರು ಇಳಿಯಲು ಪೈಪ್ ಕೆಳಮುಖವಾಗಿರಲಿ, ಇಲ್ಲದಿದ್ದರೆ ಕಾಲಡಿ ಕಾರ್ಪೆಟ್ ಒದ್ದೆ. ಫೈರ್‌ವಾಲ್ (ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆ) ಮತ್ತು ಗಾಡಿಯ ಛಾವಣಿಗೆ ಇನ್ಸುಲೇಶನ್ ಅಂಟಿಸಿ. ಅರ್ಧ ತಂಪು ಅದರಿಂದಲೇ ಉಳಿತಾಯವಾಗುತ್ತದೆ ಅಂತ ನನ್ನ ಲೆಕ್ಕ.

ಇನ್ನು ಗ್ಯಾಸ್. ಇದನ್ನು ರಿಕವರಿ ಮೆಷಿನ್ (ಗ್ಯಾಸನ್ನು ಗಾಳಿಗೆ ಬಿಡದೆ ಹೀರಿಕೊಳ್ಳುವ ಯಂತ್ರ) ಇರುವ ಮೆಕ್ಯಾನಿಕ್ ಕೈಗೆ ಕೊಡಿ. ಗಾಡಿಯ ಏಸಿಗೆ ತುಂಬುವ ಆರ್-134ಎ ಗ್ಯಾಸ್ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ, ಚರ್ಮಕ್ಕೆ, ಕಣ್ಣಿಗೆ ತಾಗಿದರೆ ಹೆಪ್ಪುಗಟ್ಟಿದ ಗಾಯ. ಗಾಳಿಗೆ ಬಿಟ್ಟರೆ ಕಾರ್ಬನ್ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಬಿಸಿ ಹಿಡಿಯುತ್ತದೆ. ತುಂಬುವ ಮೊದಲು ಮುಕ್ಕಾಲು ಗಂಟೆ ವ್ಯಾಕ್ಯೂಮ್ ಎಳೆಸಿ, ಅಂದರೆ ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ತೆಗೆಸಿ, ಅರ್ಧ ಗಂಟೆ ಬಿಟ್ಟು ಗೇಜಿನ ಮುಳ್ಳು ಕದಲಿದೆಯಾ ನೋಡಿ. ಕದಲಿದರೆ ಲೀಕಿದೆ.

ಕಾರ್ಖಾನೆಯ ಗಾಡಿಯಲ್ಲಿ ಗ್ಯಾಸಿನ ತೂಕ ಸ್ಟಿಕ್ಕರಿನಲ್ಲಿರುತ್ತದೆ, ನಮ್ಮದರಲ್ಲಿ ಎಲ್ಲಿಂದ ಬರಬೇಕು? ಗೇಜನ್ನೇ ನಂಬಬೇಕು. ಲೋ ಸೈಡ್ (ಕಾಯಿಲಿನ ಕಡೆಯ ಕಡಿಮೆ ಒತ್ತಡ) ಸುಮಾರು 2 ಬಾರ್ ಇದ್ದರೆ ಕಾಯಿಲ್ ಸೊನ್ನೆ ಡಿಗ್ರಿಯ ಹತ್ತಿರ ಇದೆ ಎಂದರ್ಥ. ಅದಕ್ಕಿಂತ ತುಂಬಾ ಇಳಿದರೆ ಕಾಯಿಲಿನ ಮೇಲೆ ಐಸ್ ಕಟ್ಟುತ್ತದೆ. ಹೊರಗೆ 35 ಡಿಗ್ರಿ ಇರುವಾಗ ಹೈ ಸೈಡ್ (ಕಂಡೆನ್ಸರಿನ ಕಡೆಯ ಹೆಚ್ಚಿನ ಒತ್ತಡ) 14ರಿಂದ 17 ಬಾರ್ ಸರಿ.

ನನ್ನ ಗಾಡಿಯಲ್ಲಿ ನಿಂತಾಗ ಅದು 20 ದಾಟುತ್ತಿತ್ತು. ಗ್ಯಾಸ್ ಜಾಸ್ತಿಯಾಗಿದೆ ಎಂದು ಒಬ್ಬ ಮೆಕ್ಯಾನಿಕ್ ತೆಗೆಸಿದ, ಪ್ರಯೋಜನವಾಗಲಿಲ್ಲ. ಕೊನೆಗೆ ಇಂಜಿನ್ ಚಾಲೂ ಇಟ್ಟು, ಗಾಡಿ ನಿಂತಲ್ಲೇ ಕಂಡೆನ್ಸರಿನ ಮೇಲೆ ಪೈಪಿನಿಂದ ನೀರು ಬಿಟ್ಟೆ. ಒಂದೇ ನಿಮಿಷದಲ್ಲಿ ಮುಳ್ಳು ಇಳಿಯಿತು, ಒಳಗಿನ ಗಾಳಿ ತಣ್ಣಗಾಯಿತು. ಗ್ಯಾಸಿನದ್ದಲ್ಲ, ಗಾಳಿಯದ್ದೇ ಕೊರತೆ ಎಂದು ಅಲ್ಲಿಗೆ ಗೊತ್ತಾಯಿತು. ಮರುವಾರ ಗ್ರಿಲ್ ಕೊಯ್ದು ದೊಡ್ಡ ಕಂಡೆನ್ಸರ್ ಕೂರಿಸಿದೆ.